ಹಿತಾಹಿತ ವಿಚಾರ: ಉತ್ತರ ಕರೇಲಿಯಾ ಕಲಿಸಿದ ಪಾಠ

ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. 1940ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆ ಮುದ್ರಣಗೊಂಡ ಈ ಗ್ರಂಥದ ಕೊನೆಗೆ ‘ಹಿತಾಹಿತಾಧ್ಯಾಯ’ವೆಂಬ ಅನುಬಂಧವಿದೆ. ಔಷಧದ ನೆಪದಲ್ಲಿಯೂ ಮಾಂಸವು ಅನಾವಶ್ಯಕವೆಂದು ನೃಪತುಂಗ ವಲ್ಲಭನ ಆಸ್ಥಾನದಲ್ಲಿ, ವಿದ್ವಾಂಸರೂ ವೈದ್ಯರೂ ನೆರೆದ ಸಭೆಯಲ್ಲಿ, ಆಚಾರ್ಯರು ಮಂಡಿಸಿದ ವಾದ ಅದರಲ್ಲಿದೆ. ಆರೋಗ್ಯವು ಎರಡು ಬಗೆಯದೆಂಬುದು ಅವರ ಮತ. ಕರ್ಮಕ್ಷಯದಿಂದ ಆತ್ಮನಿಗೆ ದೊರೆಯುವ ಪಾರಮಾರ್ಥಿಕ ಸ್ವಾಸ್ಥ್ಯವೇ ಮುಖ್ಯವಾದುದು. ದೇಹದ ಸಮಸ್ಥಿತಿಯಾದ ವ್ಯಾವಹಾರಿಕ ಸ್ವಾಸ್ಥ್ಯವು ಎರಡನೆಯದು. ಎರಡನೆಯದೆಂದ ಮಾತ್ರಕ್ಕೆ ಅದು ಉಪೇಕ್ಷಣೀಯವೆಂದು ಅವರು ಎಣಿಸಲಿಲ್ಲ. ಎಣಿಸಿದ್ದರೆ ಇಪ್ಪತ್ತೈದು ಪರಿಚ್ಛೇದಗಳ ವೈದ್ಯಗ್ರಂಥವನ್ನು ಬರೆಯುವ ಶ್ರಮವನ್ನು ಮುನಿಗಳೊಬ್ಬರು ವಹಿಸುತ್ತಿರಲಿಲ್ಲ.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಯಾವುದು ಹಿತ, ಯಾವುದು ಅಹಿತ ಎಂಬುದು ಅಂದು ಒಬ್ಬೊಬ್ಬರ ನಾಲಗೆಗೆ ಬಿಟ್ಟ ವಿಷಯವಾಗಿರಲಿಲ್ಲ. ಅದು ಸಭೆಯಲ್ಲಿ, ಎಲ್ಲರೆದುರಿಗೆ ಚರ್ಚೆಯಾದ ವಿಷಯವಾಗಿತ್ತು. ಊಟವು ಸಮಾಜದ ವಿಚಾರವೆಂಬ ಈ ತಿಳಿವನ್ನು ನಾವು ಅರ್ಧದಷ್ಟು ಮಾತ್ರ ಉಳಿಸಿಕೊಂಡಿದ್ದೇವೆ. ಏನನ್ನು ತಿನ್ನಬಾರದೆಂಬುದನ್ನು ಸಮಾಜವೇ ಕಾಯುತ್ತ ಬಂದಿದೆ. ಎಷ್ಟನ್ನು ತಿನ್ನಬೇಕೆಂಬುದನ್ನು ವ್ಯಕ್ತಿಗೆ ಬಿಟ್ಟುಕೊಟ್ಟಿದೆ. ಹೀಗೆ ಬಿಟ್ಟುಕೊಟ್ಟುದರ ಫಲವನ್ನು ಅರಿಯಲು ನಮಗೆ ಬಹುದೂರದ, ನಮ್ಮ ಆಚಾರಕ್ಕೆ ಏನೇನೂ ಸಂಬಂಧವಿಲ್ಲದ ಒಂದು ಪ್ರಾಂತದ ಇತಿಹಾಸವು ನೆರವಾಗುತ್ತದೆ. ಅದು ಫಿನ್ಲೆಂಡ್ ದೇಶದ ಉತ್ತರ ಕರೇಲಿಯಾ.

ಸಮೃದ್ಧಿಯೊಡನೆ ಬಂದ ಮೃತ್ಯು

ಉತ್ತರ ಕರೇಲಿಯಾ ಫಿನ್ಲೆಂಡಿನ ಪೂರ್ವದಲ್ಲಿ, ರಷ್ಯದ ಗಡಿಗೆ ತಾಗಿದಂತಿರುವ ಕಾಡು ಮತ್ತು ಕೆರೆಗಳ ಸೀಮೆ. 1970ರ ಸುಮಾರಿಗೆ ಅಲ್ಲಿಯ ಜನಸಂಖ್ಯೆ ಒಂದು ಲಕ್ಷ ಎಂಬತ್ತು ಸಾವಿರದಷ್ಟು. ಮರ ಕಡಿಯುವುದು ಮತ್ತು ಹೈನುಗಾರಿಕೆ ಅವರ ಮುಖ್ಯ ವೃತ್ತಿಗಳು. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟಕ್ಕೆ ನೆಲವನ್ನು ಕಳೆದುಕೊಂಡ ದೇಶವು, ಮನೆಮಠ ಬಿಟ್ಟು ಬಂದ ನಿರಾಶ್ರಿತರಿಗೂ ಯುದ್ಧದಿಂದ ಹಿಂದಿರುಗಿದ ಸೈನಿಕರಿಗೂ ಚಿಕ್ಕ ಚಿಕ್ಕ ಹಿಡುವಳಿಗಳನ್ನು ಹಂಚಿತು. ಅವರು ಕಾಡು ಕಡಿದು ಹಸು ಸಾಕಿದರು. ಹಸಿವನ್ನು ಕಂಡಿದ್ದ ಆ ಜನಕ್ಕೆ ಬೆಣ್ಣೆ, ಕೆನೆ, ಹಂದಿಯ ಮಾಂಸಗಳು ಸಮೃದ್ಧಿಯ ಗುರುತಾದುವು. ರೊಟ್ಟಿಗೆ ದಪ್ಪನಾಗಿ ಬೆಣ್ಣೆ ಸವರುವುದು ಅತಿಥಿ ಸತ್ಕಾರವೆನಿಸಿತು. ತರಕಾರಿಯನ್ನು ದನಗಳ ಮೇವೆಂದು ಹಾಸ್ಯಮಾಡುವವರಿದ್ದರು. ಸೈನ್ಯದಲ್ಲಿ ಅಂಟಿದ ಧೂಮಪಾನವು ಊರಿಗೂ ಬಂದು ನೆಲಸಿತು.

ಮರ ಕಡಿಯುವವರ ದೇಹಗಳು ಗಟ್ಟಿಮುಟ್ಟಾಗಿದ್ದುವು. ಆದರೂ ನಲವತ್ತು ಐವತ್ತರ ಪ್ರಾಯದ ಗಂಡಸರು, ಹೊಲದಲ್ಲಿಯೋ ಕಾಡಿನಲ್ಲಿಯೋ ದುಡಿಯುತ್ತಿದ್ದಂತೆಯೇ ಎದೆ ಹಿಡಿದುಕೊಂಡು ಕುಸಿದು ಸಾಯುತ್ತಿದ್ದರು. ವಿಧವೆಯರಿಲ್ಲದ ಬೀದಿಯೇ ಇಲ್ಲವೆನ್ನುವಂತಾಯಿತು. ಜನರು ಇದನ್ನು ದೈವವೆಂದೂ ಕುಲದ ದೋಷವೆಂದೂ ಭಾವಿಸಿದ್ದರು.

ಕಾರಣವನ್ನು ಅರಸಿದವರು

ಹೃದ್ರೋಗವು ವಯಸ್ಸಿನ ಸಹಜ ಫಲವೆಂದೇ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಲೋಕದ ವೈದ್ಯರಲ್ಲಿಯೂ ಅನೇಕರು ನಂಬಿದ್ದರು. ಈ ನಂಬಿಕೆಯನ್ನು ಸಡಿಲಿಸಿದ ಮೂರು ಅಧ್ಯಯನಗಳನ್ನು ಇಲ್ಲಿ ಸ್ಮರಿಸಬೇಕು.

ಮೊದಲನೆಯದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನದು. 1948ರಲ್ಲಿ ಅಲ್ಲಿಯ 5,209 ಮಂದಿ ಸ್ತ್ರೀಪುರುಷರನ್ನು ಆರಿಸಿ, ವರ್ಷಗಳುದ್ದಕ್ಕೂ ಅವರ ರಕ್ತದೊತ್ತಡ, ಕೊಲೆಸ್ಟರಾಲ್, ಅಭ್ಯಾಸಗಳನ್ನು ಬರೆದಿಡುತ್ತ ಬಂದರು. ಯಾರಿಗೆ ಹೃದಯಾಘಾತ ಆಗುವುದೆಂಬುದನ್ನು ವರ್ಷಗಳ ಮೊದಲೇ ಊಹಿಸಬಲ್ಲ ಲಕ್ಷಣಗಳಿವೆಯೆಂದು ಅದರಿಂದ ತಿಳಿಯಿತು.

ಎರಡನೆಯದು ಲಂಡನ್ ನಗರದ ಬಸ್ಸುಗಳದು. ಜೆರ್ರಿ ಮಾರಿಸ್ ಎಂಬ ವೈದ್ಯರು ಸುಮಾರು 31,000 ಸಾರಿಗೆ ನೌಕರರ ದಾಖಲೆಗಳನ್ನು ಪರಿಶೀಲಿಸಿ 1953ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಂದು ಅಲ್ಲಿಯ ಎರಡಂತಸ್ತಿನ ಬಸ್ಸಿನಲ್ಲಿ ಚಾಲಕನು ದಿನವಿಡೀ ಕುಳಿತಿರುತ್ತಿದ್ದನು. ನಿರ್ವಾಹಕನು ಟಿಕೆಟ್ಟು ಕೊಡುವುದಕ್ಕಾಗಿ ದಿನಕ್ಕೆ ಐನೂರಕ್ಕೂ ಮಿಕ್ಕಿ ಮೆಟ್ಟಿಲು ಹತ್ತುತ್ತಿದ್ದನು. ಇಬ್ಬರ ಬಸ್ಸೂ ಒಂದೇ, ಬೀದಿಯೂ ಒಂದೇ. ಆದರೆ ಹೃದಯಾಘಾತಗಳು ಚಾಲಕರಲ್ಲಿ ಹೆಚ್ಚು, ನಿರ್ವಾಹಕರಲ್ಲಿ ಕಡಿಮೆ. ಗಾದಿಯ ಮೇಲೆ ಕುಳಿತೇ ವ್ಯಾಪಾರ ಮಾಡುವ ನಮ್ಮ ಅಂಗಡಿಕಾರ ಬಂಧುಗಳು ಈ ಬಸ್ಸಿನ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮಾರಿಸ್ ತಾವೂ ವ್ಯಾಯಾಮವನ್ನು ಬಿಡದೆ ತೊಂಬತ್ತೊಂಬತ್ತು ವರ್ಷ ಬದುಕಿ 2009ರಲ್ಲಿ ತೀರಿಕೊಂಡರು.

ಮೂರನೆಯದು ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿಯ ನೇತೃತ್ವದಲ್ಲಿ 1958ರಿಂದ ನಡೆದ ಏಳು ದೇಶಗಳ ಅಧ್ಯಯನ. ಅದರಲ್ಲಿ ಹೃದ್ರೋಗದಿಂದ ಅತಿ ಹೆಚ್ಚು ನರಳಿದವರ ಪಟ್ಟಿಯ ತಲೆಯಲ್ಲಿದ್ದವರು ಪೂರ್ವ ಫಿನ್ಲೆಂಡಿನ ಗಂಡಸರು. ಅತಿ ಕಡಿಮೆ ನರಳಿದವರಲ್ಲಿ ಗ್ರೀಸಿನ ಕ್ರೀಟ್ ದ್ವೀಪದವರು. ಹೀಗೆ, ತಮ್ಮ ಊರಿನ ಸಾವುಗಳು ದೈವವಲ್ಲವೆಂಬ ಸುದ್ದಿ ಉತ್ತರ ಕರೇಲಿಯಾಕ್ಕೆ ಮುಟ್ಟಿತು.

ಒಂದು ಮನವಿ ಪತ್ರ

1971ರ ಜನವರಿ ತಿಂಗಳಲ್ಲಿ ಆ ಪ್ರಾಂತದ ಗವರ್ನರ್, ಪಾರ್ಲಿಮೆಂಟಿನ ಸದಸ್ಯರು ಮತ್ತು ಸ್ಥಳೀಯ ಸಂಘಸಂಸ್ಥೆಗಳ ಪ್ರತಿನಿಧಿಗಳು ಒಟ್ಟುಗೂಡಿ ಸರ್ಕಾರಕ್ಕೆ ಒಂದು ಮನವಿಯನ್ನು ಸಲ್ಲಿಸಿದರು. ನಮ್ಮ ಜನ ಅಕಾಲದಲ್ಲಿ ಸಾಯುತ್ತಿದ್ದಾರೆ, ಇದನ್ನು ತಡೆಯಲು ತುರ್ತಾಗಿ ಕ್ರಮ ಕೈಗೊಳ್ಳಿ ಎಂಬುದು ಅದರ ತಾತ್ಪರ್ಯ. ನೃಪತುಂಗನ ಸಭೆಯಲ್ಲಿ ಒಬ್ಬ ಆಚಾರ್ಯರು ರಾಜನೆದುರು ಹಿತಾಹಿತವನ್ನು ವಿವೇಚಿಸಿದರು. ಇಲ್ಲಿ ಒಂದು ಪ್ರಾಂತದ ಪ್ರಜೆಗಳೇ ತಮ್ಮ ಹಿತಾಹಿತದ ಪ್ರಶ್ನೆಯನ್ನು ಸರ್ಕಾರದೆದುರು ಇಟ್ಟರು.

1972ರಲ್ಲಿ ಕಾರ್ಯ ಆರಂಭವಾಯಿತು. ಇದರ ನಾಯಕತ್ವವನ್ನು ವಹಿಸಿದವರು ಪೆಕ್ಕಾ ಪುಸ್ಕಾ ಎಂಬ, ಮೂವತ್ತೂ ತುಂಬದ ತರುಣ ವೈದ್ಯರು. ಮೊದಲು ಅವರು ಮಾಡಿದ ಕೆಲಸ ಲೆಕ್ಕ ಹಾಕುವುದು. ಗಂಡಸರಲ್ಲಿ ಶೇ. 52ರಷ್ಟು ಮಂದಿ ಧೂಮಪಾನಿಗಳು. ರೊಟ್ಟಿಗೆ ಬೆಣ್ಣೆ ಹಚ್ಚದವರು ಹತ್ತರಲ್ಲಿ ಒಬ್ಬರು. ಅಡುಗೆಗೆ ಸಸ್ಯದ ಎಣ್ಣೆ ಬಳಸುವವರು ಇಲ್ಲವೆನ್ನುವಷ್ಟು ಕಡಿಮೆ. ಗಂಡಸರ ಸರಾಸರಿ ಕೊಲೆಸ್ಟರಾಲ್ ನಮ್ಮ ಪ್ರಯೋಗಶಾಲೆಗಳ ಲೆಕ್ಕದಲ್ಲಿ ಸುಮಾರು 265 ಮಿಲಿಗ್ರಾಂ. ಇದು ರೋಗಿಗಳ ಸರಾಸರಿಯಲ್ಲ, ಇಡೀ ಪ್ರಾಂತದ ಗಂಡಸರ ಸರಾಸರಿಯೆಂಬುದನ್ನು ಓದುಗರು ಗಮನಿಸಬೇಕು.

ಇಲ್ಲಿಯೇ ಪುಸ್ಕಾ ಅವರ ಮುಖ್ಯ ನಿರ್ಣಯ ಬಂದಿತು. ರೋಗದ ಅಪಾಯ ಹೆಚ್ಚಿರುವ ಕೆಲವರನ್ನು ಹುಡುಕಿ ಅವರಿಗೆ ಮಾತ್ರ ಬುದ್ಧಿ ಹೇಳಿದರೆ ಪ್ರಯೋಜನವಿಲ್ಲ. ಊರಿಗೂರೇ ಒಂದು ಬಗೆಯಲ್ಲಿ ಉಣ್ಣುತ್ತಿರುವಾಗ ಒಬ್ಬನು ಬೇರೆ ಬಗೆಯಲ್ಲಿ ಉಣ್ಣಲಾರ. ಆದುದರಿಂದ ಬದಲಾಗಬೇಕಾದುದು ಊರಿನ ಪದ್ಧತಿ. ಇದೇ ತತ್ತ್ವವನ್ನು ಬ್ರಿಟನ್ನಿನ ಜೆಫ್ರಿ ರೋಸ್ ಎಂಬ ವೈದ್ಯರು 1985ರಲ್ಲಿ ಒಂದು ಪ್ರಸಿದ್ಧ ಲೇಖನದಲ್ಲಿ ವಿವರಿಸಿದರು. ಈ ಮನುಷ್ಯನಿಗೆ ರೋಗವೇಕೆ ಬಂತು ಎಂಬುದು ಒಂದು ಪ್ರಶ್ನೆ. ಈ ಸಮಾಜದಲ್ಲಿ ಆ ರೋಗ ಇಷ್ಟೇಕೆ ಎಂಬುದು ಬೇರೆಯೇ ಪ್ರಶ್ನೆ.

ಅಡುಗೆಮನೆಯಲ್ಲಿ ನಡೆದ ಕಾರ್ಯ

ಪುಸ್ಕಾ ಮತ್ತು ಅವರ ಸಂಗಡಿಗರು ಊರೂರು ತಿರುಗಿ ಭಾಷಣ ಮಾಡಿದರು. ಭಾಷಣದಿಂದ ತಿಳಿವಳಿಕೆ ಬಂದಿತೇ ಹೊರತು ಊಟ ಬದಲಾಗಲಿಲ್ಲ. ಆಗ ಅವರು ಮಾರ್ತಾ ಎಂಬ ಮಹಿಳಾ ಸಂಘದ ನೆರವನ್ನು ಬೇಡಿದರು. 1899ರಲ್ಲಿ ಸ್ಥಾಪಿತವಾದ ಈ ಸಂಘದ ಶಾಖೆಗಳು ಹಳ್ಳಿಹಳ್ಳಿಗಳಲ್ಲಿದ್ದುವು. ಆ ಗೃಹಿಣಿಯರು ‘ದೀರ್ಘಾಯುಷ್ಯದ ಕೂಟ’ಗಳನ್ನು ಏರ್ಪಡಿಸಿದರು. ಅಲ್ಲಿ ಉಪದೇಶ ಸ್ವಲ್ಪ, ಅಡುಗೆ ಬಹಳ. ಪ್ರಾಂತದ ಪ್ರಸಿದ್ಧ ಭಕ್ಷ್ಯಗಳನ್ನೇ ಜಿಡ್ಡು ಮತ್ತು ಉಪ್ಪನ್ನು ಇಳಿಸಿ, ತರಕಾರಿಯನ್ನು ಏರಿಸಿ ಮಾಡಿ ಬಡಿಸಿದರು. ಬಂದವರು ಉಂಡರು, ರುಚಿಯಾಗಿದೆಯೆಂದರು, ಮಾಡುವ ವಿಧಾನವನ್ನು ಕೇಳಿಕೊಂಡು ಮನೆಗೆ ಹೋದರು. ಹಳೆಯ ಭಕ್ಷ್ಯವನ್ನು ಯಾರೂ ಕಸಿದುಕೊಳ್ಳಲಿಲ್ಲ. ಅದರ ಪ್ರಮಾಣವನ್ನು ತಿದ್ದಿದರು. ಈ ವಿವೇಕವು ಗೃಹಿಣಿಯರದು.

ಪ್ರತಿ ಹಳ್ಳಿಯಲ್ಲಿಯೂ ನಾಲ್ವರ ನಡುವೆ ಮಾತು ನಡೆಯುವಂಥವರನ್ನು ಗುರುತಿಸಿ ಅವರಿಗೆ ತರಬೇತು ಕೊಟ್ಟರು. ದಾದಿಯರು ರಕ್ತದೊತ್ತಡವನ್ನು ಅಳೆದು ಪಟ್ಟಿಗಳನ್ನು ಇಟ್ಟರು. ಶಾಲೆಯ ಊಟದಲ್ಲಿಯೂ ಕಾರ್ಖಾನೆಯ ಊಟದಲ್ಲಿಯೂ ಬೆಣ್ಣೆ ಇಳಿಯಿತು. ಸ್ಥಳೀಯ ಆಹಾರ ತಯಾರಕರು ತಮ್ಮ ಪದಾರ್ಥಗಳ ಕೊಬ್ಬು ಉಪ್ಪುಗಳನ್ನು ಕಡಿಮೆ ಮಾಡಿದರು. 1976ರಲ್ಲಿ ದೇಶಕ್ಕೇ ಅನ್ವಯಿಸುವ ತಂಬಾಕು ನಿಯಂತ್ರಣ ಕಾನೂನು ಬಂದಿತು. 1978ರಲ್ಲಿ ದೂರದರ್ಶನದಲ್ಲಿ ಧೂಮಪಾನ ಬಿಡಿಸುವ ಪಾಠಮಾಲೆ ಮೊದಲಾಯಿತು. ಮುಂದೆ, ತಮ್ಮ ಕೊಲೆಸ್ಟರಾಲನ್ನು ಯಾರು ಹೆಚ್ಚು ಇಳಿಸುವರೆಂದು ಹಳ್ಳಿಹಳ್ಳಿಗಳ ನಡುವೆ ಸ್ಪರ್ಧೆಗಳೂ ನಡೆದುವು.

ಜೀವಿಕೆಯ ಪ್ರಶ್ನೆ

ಈ ಕಾರ್ಯಕ್ಕೆ ವಿರೋಧ ಬಾರದೆ ಇರಲಿಲ್ಲ. ಪ್ರಾಂತದ ಒಲೆ ಉರಿಯುತ್ತಿದ್ದುದೇ ಹಾಲು ಬೆಣ್ಣೆಗಳಿಂದ. ಬೆಣ್ಣೆ ಬಿಡಿ ಎಂದರೆ ಹೈನುಗಾರನ ಅನ್ನಕ್ಕೆ ಕೈ ಹಾಕಿದಂತೆ. ಹಾಲಿನ ಉತ್ಪಾದಕರ ಸಂಘಗಳು ಬಹುಕಾಲ ಪ್ರತಿಭಟಿಸಿದುವು. ಒಬ್ಬರ ಆರೋಗ್ಯಕ್ಕಾಗಿ ಇನ್ನೊಬ್ಬರ ಜೀವಿಕೆಯನ್ನು ಕೆಡಿಸುವುದು ಧರ್ಮವೇ ಎಂಬ ಈ ಪ್ರಶ್ನೆ ಕ್ಷುಲ್ಲಕವಾದುದಲ್ಲ.

ಅದಕ್ಕೆ ಅವರು ಕಂಡುಕೊಂಡ ಉತ್ತರವು ನೀತಿಯ ದೃಷ್ಟಿಯಿಂದ ವಿಚಾರಾರ್ಹವಾಗಿದೆ. ಆ ಶೀತ ಸೀಮೆಯಲ್ಲಿ ಹಣ್ಣಿನ ತೋಟಗಳು ಕಷ್ಟ. ಆದರೆ ಪೊದೆಗಳಲ್ಲಿ ಬೆಳೆಯುವ ಬೆರ್ರಿ ಹಣ್ಣುಗಳಿಗೆ ನೆಲ ಒಗ್ಗುತ್ತದೆ. 1985ರಿಂದ ಮೊದಲಾದ ಒಂದು ಯೋಜನೆಯಲ್ಲಿ ಹೈನುಗಾರರಿಗೆ ಬೆರ್ರಿ ಬೇಸಾಯಕ್ಕೆ ನೆರವು ನೀಡಿದರು. ಹಣ್ಣನ್ನು ಕೊಳ್ಳುವಂತೆ ಜನರನ್ನೂ ಪ್ರೇರೇಪಿಸಿದರು. ದೇಶದಲ್ಲಿಯೇ ಬೆಳೆಯುವ ಸಾಸಿವೆ ಜಾತಿಯ ಬೀಜದಿಂದ ಎಣ್ಣೆ ತೆಗೆಯುವ ಉದ್ಯಮವೂ ಬೆಳೆಯಿತು. ಬಿಡು ಎಂದು ಹೇಳಿದವರು, ಬಿಟ್ಟ ಮೇಲೆ ಬದುಕುವುದು ಹೇಗೆಂಬ ಹೊಣೆಯನ್ನೂ ಹೊತ್ತರು. ತ್ಯಾಗವನ್ನು ಬೋಧಿಸುವವರೆಲ್ಲರಿಗೂ ಇದು ಅನ್ವಯಿಸುವ ಮಾತು.

ಫಲ, ಮತ್ತು ಒಂದು ಎಚ್ಚರಿಕೆ

ಐದು ವರ್ಷಗಳಿಗೆಂದು ಮೊದಲಾದ ಕಾರ್ಯವು ಇಪ್ಪತ್ತೈದು ವರ್ಷ ನಡೆದು 1997ರಲ್ಲಿ ಸಮಾಪ್ತವಾಯಿತು; ಅಷ್ಟರಲ್ಲಿ ಅದು ಇಡೀ ಫಿನ್ಲೆಂಡಿನ ನೀತಿಯಾಗಿತ್ತು. 2007ರ ಹೊತ್ತಿಗೆ ಪ್ರಾಂತದ ಗಂಡಸರಲ್ಲಿ ಧೂಮಪಾನಿಗಳು ಶೇ. 31ಕ್ಕೆ ಇಳಿದಿದ್ದರು. ಸರಾಸರಿ ಕೊಲೆಸ್ಟರಾಲ್ 210ರ ಆಸುಪಾಸಿಗೆ ಬಂದಿತ್ತು. 35ರಿಂದ 64 ವರ್ಷ ವಯಸ್ಸಿನವರಲ್ಲಿ ಹೃದಯದ ರಕ್ತನಾಳದ ರೋಗದಿಂದ ಆಗುವ ಸಾವುಗಳು, 1970ರ ಸುಮಾರಿನೊಡನೆ ಹೋಲಿಸಿದರೆ, ಪೂರ್ವ ಫಿನ್ಲೆಂಡಿನಲ್ಲಿ 2012ರ ವೇಳೆಗೆ ಶೇ. 80ಕ್ಕೂ ಹೆಚ್ಚು ಕಡಿಮೆಯಾಗಿದ್ದುವು. ಐದು ಮನೆಗಳಿಗೆ ಬರುತ್ತಿದ್ದ ಮೃತ್ಯು ನಾಲ್ಕು ಮನೆಗಳ ಬಾಗಿಲನ್ನು ಮುಟ್ಟದೆ ಹೋಯಿತೆಂದು ಇದರ ಅರ್ಥ.

ಆದರೆ ಇತಿಹಾಸವನ್ನು ಬರೆಯುವವರು ತಮಗೆ ಅನುಕೂಲವಾದುದನ್ನು ಮಾತ್ರ ಹೇಳಬಾರದು. ಹೋಲಿಕೆಗೆಂದು ಆರಿಸಿಕೊಂಡಿದ್ದ ನೆರೆಯ ಕುವೋಪಿಯೋ ಪ್ರಾಂತದಲ್ಲಿಯೂ ಸಾವುಗಳು ಇಳಿದುವು. ಆದುದರಿಂದ ಇಡೀ ಕೀರ್ತಿಯನ್ನು ಆ ಒಂದು ಯೋಜನೆಗೆ ಕೊಡಲಾಗದೆಂದು ವಾದಿಸುವ ವಿದ್ವಾಂಸರಿದ್ದಾರೆ. ಕಾಲಕ್ರಮದಲ್ಲಿ ಔಷಧಗಳೂ ಶಸ್ತ್ರಚಿಕಿತ್ಸೆಯೂ ಉತ್ತಮಗೊಂಡುವು. ಇವೆಲ್ಲವನ್ನೂ ತೂಗಿ ನೋಡಿದಾಗಲೂ, ಇಳಿಕೆಯ ಹೆಚ್ಚಿನ ಪಾಲು ತಂಬಾಕು, ರಕ್ತದೊತ್ತಡ, ಕೊಲೆಸ್ಟರಾಲ್ ಈ ಮೂರು ಇಳಿದುದರಿಂದಲೇ ಎಂದು ಲೆಕ್ಕಗಳು ತೋರಿಸಿವೆ. ಈ ಮೂರರಲ್ಲಿ ಮೊದಲನೆಯದು ಪೂರ್ತಿಯಾಗಿಯೂ ಉಳಿದೆರಡು ಬಹುಮಟ್ಟಿಗೂ ನಿತ್ಯದ ಅಭ್ಯಾಸಕ್ಕೆ ಸೇರಿದುವು.

ಶಾಕಾಹಾರವೊಂದೇ ಸಾಕೆ?

ಇಷ್ಟನ್ನು ಓದಿದ ಶ್ರಾವಕರು, ಆ ಜನ ಮಾಂಸಾಹಾರಿಗಳು, ಅವರ ರೋಗ ನಮಗೇಕೆ ಬರಬೇಕು ಎಂದು ಕೇಳಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ತಿಳಿದಿದ್ದೆ. ನನ್ನ ಸೋದರಮಾವನವರು ಜವಳಿ ಅಂಗಡಿಯನ್ನು ನಡೆಸುತ್ತಿದ್ದರು. ಸೂರ್ಯಾಸ್ತದ ಅನಂತರ ನಲವತ್ತು ವರ್ಷ ಒಂದು ಅಗುಳನ್ನೂ ಬಾಯಿಗಿಡಲಿಲ್ಲ. ಆದರೆ ಅಂಗಡಿಯ ಗಾದಿಯಿಂದ ಏಳುವ ಅಭ್ಯಾಸವಿರಲಿಲ್ಲ. ಊಟದಲ್ಲಿ ತುಪ್ಪ ಸಿಹಿಗಳಿಗೆ ಮಿತಿಯಿರಲಿಲ್ಲ. ಐವತ್ತೆರಡಕ್ಕೆ ಮಧುಮೇಹವಿದೆಯೆಂದು ತಿಳಿಯಿತು. ಅರುವತ್ತಕ್ಕೆ ಕಣ್ಣು ಮಂಜಾಯಿತು, ಕಡೆಗೆ ಮೂತ್ರಪಿಂಡ ಕೆಟ್ಟಿತು. “ನಾನು ಯಾವ ನಿಯಮವನ್ನು ತಪ್ಪಿದೆ?” ಎಂದು ಅವರು ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದರು. ಅವರು ಅರಿತ ನಿಯಮಗಳಲ್ಲಿ ಯಾವುದನ್ನೂ ತಪ್ಪಿರಲಿಲ್ಲ. ಅಳತೆಯ ನಿಯಮವೊಂದಿದೆಯೆಂದು ಅವರಿಗೆ ಯಾರೂ ನೆನಪು ಮಾಡಿಕೊಟ್ಟಿರಲಿಲ್ಲ.

ಉತ್ತರ ಕರೇಲಿಯಾದ ರೋಗಕ್ಕೆ ಕಾರಣಗಳೆಂದು ಕಂಡುಬಂದ ಬೆಣ್ಣೆ, ಕೆನೆ, ಉಪ್ಪು, ಹೊಗೆಸೊಪ್ಪುಗಳಲ್ಲಿ ಯಾವುದೂ ಮಾಂಸವಲ್ಲ. ನಮ್ಮ ದೇಶದ ಲೆಕ್ಕವೂ ಸಮಾಧಾನಕರವಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 2008ರಿಂದ 2020ರವರೆಗೆ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯು ಒಂದು ಲಕ್ಷಕ್ಕೂ ಮಿಕ್ಕಿದ ವಯಸ್ಕರನ್ನು ಪರೀಕ್ಷಿಸಿತು. ಶೇ. 11.4 ಮಂದಿಗೆ ಮಧುಮೇಹ, ಇನ್ನೂ ಶೇ. 15.3 ಮಂದಿ ಅದರ ಹೊಸ್ತಿಲಲ್ಲಿದ್ದಾರೆ, ಶೇ. 35.5 ಮಂದಿಗೆ ರಕ್ತದೊತ್ತಡ ಹೆಚ್ಚು. ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿದೆಯೆಂಬುದು ಅದರ ಅಂದಾಜು. ಬೆಣ್ಣೆ ಅವರ ಪಾಲಿನ ಅತಿಯಾಗಿದ್ದರೆ, ಅನ್ನ, ಮೈದಾ, ಸಕ್ಕರೆ ಮತ್ತು ಕರಿದ ತಿಂಡಿ ನಮ್ಮ ಪಾಲಿನ ಅತಿ.

ಆದರೆ ಹೊಸ್ತಿಲಲ್ಲಿರುವವರು ಒಳಗೆ ಕಾಲಿಡಲೇಬೇಕೆಂದಿಲ್ಲ. ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ಚೆನ್ನೈಯಲ್ಲಿ 531 ಮಂದಿಯೊಡನೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವು ಇದನ್ನು ತೋರಿಸಿಕೊಟ್ಟಿತು. ಇವರೆಲ್ಲರೂ ಮಧುಮೇಹದ ಅಂಚಿನಲ್ಲಿದ್ದವರು. ಕೆಲವರನ್ನು ಅವರ ಪಾಡಿಗೆ ಬಿಟ್ಟರು. ಕೆಲವರಿಗೆ ದಿನಕ್ಕೆ ಅರ್ಧ ಗಂಟೆಯ ಬಿರುಸಾದ ನಡಿಗೆ, ಸಕ್ಕರೆ ಮತ್ತು ಜಿಡ್ಡಿನ ಮಿತಿ, ನಾರುಳ್ಳ ಆಹಾರ ಇವುಗಳನ್ನು ಹೇಳಿಕೊಟ್ಟು ಬೆನ್ನುಹತ್ತಿ ವಿಚಾರಿಸಿದರು. ಸುಮಾರು ಮೂರು ವರ್ಷಗಳಲ್ಲಿ ಮೊದಲಿನವರಲ್ಲಿ ಶೇ. 55 ಮಂದಿ ಮಧುಮೇಹಿಗಳಾದರು. ಅಭ್ಯಾಸ ತಿದ್ದಿಕೊಂಡವರಲ್ಲಿ ಶೇ. 39 ಮಂದಿ. ಇದಕ್ಕೆಂದೇ ಮಾತ್ರೆ ಕೊಟ್ಟವರಲ್ಲಿಯೂ ಫಲವು ಹೆಚ್ಚುಕಡಿಮೆ ಅಷ್ಟೇ. ಶಿಸ್ತಿನಿಂದಿದ್ದವರಲ್ಲಿಯೂ ಕೆಲವರಿಗೆ ರೋಗ ಬಂದಿತೆಂಬುದನ್ನು ಮರೆಯಬಾರದು. ವಂಶ, ವಯಸ್ಸು ಇವು ನಮ್ಮ ಕೈಯಲ್ಲಿಲ್ಲ. ಆದ ಕಾರಣ ರೋಗ ಬಂದವರನ್ನು ದೋಷಿಗಳಂತೆ ಕಾಣುವುದು ಹಿಂಸೆಯೇ ಸರಿ.

ಮರೆತ ಅರ್ಧ

ಪರಂಪರೆಯಲ್ಲಿ ಅಳತೆಗೆ ಇರುವ ಸ್ಥಾನವನ್ನು ಪರಿಶೀಲಿಸೋಣ. ಬಾಹ್ಯ ತಪಸ್ಸುಗಳು ಆರು. ಮೊದಲನೆಯದಾದ ಅನಶನವನ್ನು, ಅಂದರೆ ಉಪವಾಸವನ್ನು, ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಎರಡನೆಯದು ಅವಮೌದರ್ಯ. ಪೂರ್ಣಾಹಾರವು ಮೂವತ್ತೆರಡು ತುತ್ತು ಎಂದಾದರೆ ಒಂದು ತುತ್ತು ಕಡಿಮೆ ಉಂಡರೂ ಅದು ಅವಮೌದರ್ಯವೇ. ನಾಲ್ಕನೆಯದು ರಸಪರಿತ್ಯಾಗ: ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನಾಗಲಿ ಹಲವನ್ನಾಗಲಿ ಬಿಡುವುದು. ಗೃಹಸ್ಥರಿಗೆ ಭೋಗೋಪಭೋಗ ಪರಿಮಾಣ ವ್ರತವಿದೆ. ಅದರ ಹೆಸರಿನಲ್ಲಿಯೇ ಪರಿಮಾಣವಿದೆ.

ಇವೆಲ್ಲವೂ ನಿರ್ಜರೆಗಾಗಿ, ಇಂದ್ರಿಯ ನಿಗ್ರಹಕ್ಕಾಗಿ ವಿಹಿತವಾದುವು; ಕೊಲೆಸ್ಟರಾಲ್ ಇಳಿಸುವುದಕ್ಕಲ್ಲ. ಪೂರ್ವಾಚಾರ್ಯರು ಇಂದಿನ ವಿಜ್ಞಾನವನ್ನು ಅಂದೇ ಹೇಳಿದ್ದರೆಂದು ಹೆಮ್ಮೆಪಡುವುದು ಆಚಾರ್ಯರಿಗೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಆದರೆ ಪಾರಮಾರ್ಥಿಕ ಸ್ವಾಸ್ಥ್ಯದ ಹಾದಿಯಲ್ಲಿ ನಡೆಯುವವನಿಗೆ ವ್ಯಾವಹಾರಿಕ ಸ್ವಾಸ್ಥ್ಯವೂ ದೊರೆಯುವುದಾದರೆ ಅದನ್ನು ನಿರಾಕರಿಸಲು ಕಾರಣವಿಲ್ಲ.

ಹಳೆಯ ಪಟ್ಟಿಗಳಿಗೆ ಕಾಲದ ಎಲ್ಲೆಯೂ ಉಂಟು. ಸಪ್ತವ್ಯಸನಗಳಲ್ಲಿ ತಂಬಾಕಿನ ಹೆಸರಿಲ್ಲ. ತಂಬಾಕು ಈ ದೇಶಕ್ಕೆ ಬಂದುದೇ ಪೋರ್ಚುಗೀಸರ ಕಾಲದಲ್ಲಿ. ಇಲ್ಲದ ವಸ್ತುವಿನ ಹೆಸರನ್ನು ಆಚಾರ್ಯರು ಹೇಗೆ ಬರೆದಾರು? ಪಟ್ಟಿಯಲ್ಲಿಲ್ಲವೆಂದು ಗುಟ್ಕಾ ಅಗಿಯುವ ಯುವಕನಿಗೆ, ವ್ಯಸನವೆಂಬ ಶಬ್ದದ ಅರ್ಥವನ್ನು ಹಿರಿಯರು ತಿಳಿಸಿ ಹೇಳಬೇಕು. ವನಸ್ಪತಿ ತುಪ್ಪವೂ ಹಾಗೆಯೇ. ಅದು ಸಸ್ಯಜನ್ಯವೆಂಬುದು ನಿಜ. ಅದರೊಳಗಿನ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡೆಂಬುದೂ ನಿಜ. 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದು ಶೇ. 2ನ್ನು ಮೀರಬಾರದೆಂದು ಭಾರತ ಸರ್ಕಾರದ ನಿಯಮ ಬಂದಿದೆ.

ಬಸದಿಯ ಪಂಕ್ತಿಯಿಂದ ಮೊದಲಾಗಲಿ

ಉತ್ತರ ಕರೇಲಿಯಾದಲ್ಲಿ ಮಾರ್ತಾ ಸಂಘವು ನಿರ್ವಹಿಸಿದ ಕಾರ್ಯವನ್ನು ನಮ್ಮಲ್ಲಿ ನಿರ್ವಹಿಸಬಲ್ಲುವು ಬಸದಿಗಳ ಆಡಳಿತ ಮಂಡಳಿಗಳು ಮತ್ತು ಮಹಿಳಾ ಸಮಾಜಗಳು. ಸಮಾಜವು ಒಟ್ಟಾಗಿ ಉಣ್ಣುವ ಸ್ಥಳ ಪಂಕ್ತಿ. ಅಲ್ಲಿ ಬಡಿಸಿದುದೇ ಸಂಪ್ರದಾಯವೆನಿಸಿ ಮನೆಗಳಿಗೆ ಹೋಗುತ್ತದೆ. ಇಂದು ಪಂಚಕಲ್ಯಾಣವಿರಲಿ, ವಾರ್ಷಿಕೋತ್ಸವವಿರಲಿ, ಸಿಹಿಗಳ ಸಂಖ್ಯೆಯಿಂದ ದಾನಿಯ ಔದಾರ್ಯವನ್ನು ಅಳೆಯುವುದು ರೂಢಿಯಾಗಿದೆ. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರಿಗೆ ಬಲವಂತದಿಂದ ಬಡಿಸುವುದು ಪ್ರೀತಿಯೆನಿಸಿದೆ. ಆ ಕೈ ಮಧುಮೇಹಿಯದಿರಬಹುದು. ಅವಮೌದರ್ಯ ವ್ರತಿಯದೂ ಇರಬಹುದು. ಎರಡಕ್ಕೂ ಗೌರವ ಸಲ್ಲಬೇಕು.

ಒಂದು ಪಂಕ್ತಿಗೆ ಒಂದೇ ಸಿಹಿ ಸಾಕು. ಎರಡನೆಯ ಸಲ ಕೇಳಿದವರಿಗೆ ಮಾತ್ರ ಬಡಿಸಲಿ. ಅನ್ನದ ರಾಶಿ ತುಸು ಇಳಿದು ಬೇಳೆ, ಕಾಳು, ಪಲ್ಯ, ಕೋಸಂಬರಿಗಳ ಪಾಲು ಏರಲಿ. ಜೋಳ, ರಾಗಿ, ನವಣೆಗಳು ಬಡವರ ಆಹಾರವೆಂಬ ಸಂಕೋಚ ಹೋಗಲಿ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸದಿರಲಿ. ಒಬ್ಬರಿಗೆ ದಿನಕ್ಕೆ ಐದು ಗ್ರಾಂ ಉಪ್ಪು, ಅಂದರೆ ಸುಮಾರು ಒಂದು ಚಹಾ ಚಮಚೆಯಷ್ಟು ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ ಹಪ್ಪಳಗಳು ಬಡಿಸುವ ಮೊದಲು ಈ ಲೆಕ್ಕ ಅಡುಗೆಯವರಿಗೂ ತಿಳಿದಿರಲಿ. ವರ್ಷದಲ್ಲಿ ಎರಡು ಪರ್ವಗಳಂದಾದರೂ ಬಸದಿಯ ಸಭಾಭವನದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ನಡೆಯಲಿ. ರೋಗವಿದೆಯೆಂದು ತಿಳಿಯದೆ ಇರುವವರೇ ಹೆಚ್ಚು ಅಪಾಯದಲ್ಲಿರುವವರು. ನಡೆದು ಹೋಗಬಹುದಾದಷ್ಟು ಹತ್ತಿರದ ಬಸದಿಗೆ ವಾಹನವೇರಿ ಹೋಗುವುದು ತಪ್ಪಲಿ.

ಉಪವಾಸದ ವಿಷಯದಲ್ಲಿ ಒಂದು ಮಾತು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಉಪವಾಸ ಮುಗಿದ ಪಾರಣೆಯ ದಿನ ಸಿಹಿ ಮತ್ತು ಕರಿದ ಪದಾರ್ಥಗಳನ್ನು ಒಮ್ಮೆಲೇ ಬಡಿಸುವುದೂ ಯುಕ್ತವಲ್ಲ. ಶಕ್ತಿಯನ್ನು ಅರಿತು ವ್ರತವನ್ನು ಹಿಡಿಯಬೇಕೆಂಬುದು ಹಿರಿಯರ ನಿಲುವೂ ಹೌದು. ಉಪವಾಸವಾಗದವರಿಗೆ ಅವಮೌದರ್ಯವಿದೆ, ರಸಪರಿತ್ಯಾಗವಿದೆ. ಒಂದು ದಿನ ಉಪ್ಪನ್ನೋ ಸಕ್ಕರೆಯನ್ನೋ ಬಿಡುವುದನ್ನು ಚಿಕ್ಕ ವ್ರತವೆಂದು ಯಾರೂ ಹಗುರವಾಗಿ ಕಾಣಬಾರದು.

ಉತ್ತರ ಕರೇಲಿಯಾದ ಜನರು ಗ್ರಂಥಗಳ ಪಂಡಿತರಲ್ಲ. ತಮ್ಮ ಗಂಡಂದಿರೂ ತಂದೆಯರೂ ಅಕಾಲದಲ್ಲಿ ಸಾಯುವುದನ್ನು ಸಹಿಸಲಾರದೆ, ನಾಡಿನ ಹೆಮ್ಮೆಯಾಗಿದ್ದ ಬೆಣ್ಣೆಯನ್ನು ಕೈಬಿಟ್ಟರು. ಅದು ಒಬ್ಬೊಬ್ಬರ ಸಂಕಲ್ಪದಿಂದ ಆದುದಲ್ಲ, ಎಲ್ಲರೂ ಸೇರಿ ಆದುದು. ಅಳತೆಯನ್ನು ವ್ರತವೆಂದು ಕರೆದ ಪರಂಪರೆ ನಮ್ಮದು; ಅದನ್ನು ಸಮಾಜದ ಪಂಕ್ತಿಗೆ ಮತ್ತೆ ತರುವುದು ನಮಗೆ ಅವರಿಗಿಂತ ಸುಲಭವಾಗಬೇಕು. ನನ್ನ ಸೋದರಮಾವನವರು ಕೇಳಿದ ಪ್ರಶ್ನೆಯನ್ನು ಮುಂದಿನ ಪೀಳಿಗೆಯ ಯಾವ ಶ್ರಾವಕನೂ ಹಾಸಿಗೆಯಲ್ಲಿ ಮಲಗಿ ಕೇಳುವಂತಾಗದಿರಲಿ.